ಇಬ್ಬರು ಪಾಂಡೆಲಿಸ್, ಒಂದೇ ಸಾಲು

ಹಿರಿಯ ದಾದಿ ಅರ್ಗಿರೋ ಅವರಿಗೆ,

ಆಪರೇಷನ್ ಕೋಣೆಯ ಬಾಗಿಲಲ್ಲಿ ನನ್ನನ್ನು ಒಳಗೆ ಬಿಡಲಿಲ್ಲ, ಅದಕ್ಕೇ ಈ ಪತ್ರ. ಒಳಗಿರುವ ಪಾಂಡೆಲಿಸ್ ಕಲಾಫಾಟಿಸ್‌ಗೆ ಕಂಪ್ಯೂಟರ್ ಪಟ್ಟಿ ನೋಡಿ ರಕ್ತ ಕೊಡಬೇಡಿ. ದಯವಿಟ್ಟು ರಕ್ತದ ಗುಂಪನ್ನು ಇನ್ನೊಮ್ಮೆ ಪರೀಕ್ಷಿಸಿ.

ಆಸ್ಪತ್ರೆಯ ಹಳೆಯ ಎಕ್ಸ್‌ಎಂಎಲ್ ಕಡತ ಮರದಂತಿತ್ತು: ಕೊಂಬೆಗೆ ತಂದೆಯ ಹೆಸರು, ಅದರ ಕೆಳಗೆ ಮಕ್ಕಳು. ಹೊಸ ಕೋಷ್ಟಕಕ್ಕೆ ನಾನು ತಂದೆಯ ಹೆಸರು ಬಿಟ್ಟು ಮಕ್ಕಳನ್ನಷ್ಟೇ ಸಾಗಿಸಿದೆ. ಹೆಸರು, ಹುಟ್ಟಿದ ವರ್ಷ ಒಂದೇ ಆದರೆ ರಕ್ತದ ಗುಂಪೂ ಒಂದೇ ಇರಬೇಕೆಂದು ನಿಯಮ ಬರೆದೆ. ಒಂದು ಹೆಸರಿಗೆ ಎರಡು ಗುಂಪು ಬಂದು ಯಂತ್ರ ತಕರಾರು ಮಾಡಿತು. ಯಾರೋ ಎರಡು ಸಲ ಬರೆದಿದ್ದಾರೆಂದುಕೊಂಡು ಒಂದನ್ನು ಅಳಿಸಿಬಿಟ್ಟೆ.

ನಮ್ಮ ದ್ವೀಪದಲ್ಲಿ ಪ್ರತಿ ಮಗನ ಹಿರಿಮಗನಿಗೂ ಅಜ್ಜನ ಹೆಸರೇ ತಾನೆ? ನಮ್ಮಜ್ಜಿ ನಗುತ್ತಿದ್ದಳು: “ಪಾಂಡೆಲೀ, ಊಟಕ್ಕೆ ಬಾರೋ ಅಂದ್ರೆ ಇಬ್ರು ತಟ್ಟೆ ಹಿಡ್ಕೊಂಡು ಬರ್ತಾವೆ!” ಒಬ್ಬ ನನ್ನ ತಮ್ಮ, ಇನ್ನೊಬ್ಬ ಚಿಕ್ಕಪ್ಪನ ಮಗ, ಒಂದೇ ವರ್ಷ ಹುಟ್ಟಿದವರು. ಆ ಮನೆಯಲ್ಲೇ ಬೆಳೆದ ನಾನು ಇದನ್ನು ಮರೆತೆ.

ಯಾರದನ್ನು ಅಳಿಸಿದೆನೋ ಗೊತ್ತಿಲ್ಲ. ನನ್ನ ಕೆಲಸ ಹೋದರೆ ಹೋಗಲಿ. ಓದಿದೊಡನೆ ಕಿಟಕಿಯಿಂದ ಒಮ್ಮೆ ಕೈಬೀಸಿ.

ಒಳಗಿರುವ ನನ್ನ ತಮ್ಮನಿಗೆ ಏನೂ ಹೇಳಬೇಡಿ. ಬೆಳಿಗ್ಗೆ ರಕ್ತದ ಗುಂಪು ಕೇಳಿದ್ದಕ್ಕೆ ಅವನು, “ನಂಗೇನ್ ಗೊತ್ತು? ಅಕ್ಕನ ಪಟ್ಟಿ ನೋಡಿ, ಅವ್ಳು ತಪ್ಪು ಬರೆಯಲ್ಲ” ಅಂದನಂತೆ.

ನಿಮ್ಮ ಕಿಟಕಿಯ ಕೆಳಗೇ ನಿಂತಿರುವ,
ಸ್ಟಮಾಟಿಯಾ
ಕಡತ ವಿಭಾಗ