ತಡವಾಗಿ ತಲುಪಿದ ಪ್ರಶ್ನೆಗಳು

ಕಾರ್ಖಾನೆಯ ಫೈರ್‌ವಾಲ್ ನಾನು ಟೈಪಿಸಿದ್ದನ್ನು ಅಲ್ಲಿ ತೋರಿಸುವ ನಮ್ಮ ವೆಬ್ ಪುಟವನ್ನೇ ತಡೆಯುತ್ತದೆ ಎಂದು ನಿನ್ನೆ ಬರೆದದ್ದು ತಪ್ಪು. ಪುಟ ತೆರೆಯುತ್ತದೆ, ಅಕ್ಷರ ತಕ್ಷಣ ಮೂಡಲು ಸದಾ ತೆರೆದಿರಬೇಕಾದ ಸಂಪರ್ಕವನ್ನು ಮಾತ್ರ ಅದು ಕತ್ತರಿಸುತ್ತದೆ.

ನನ್ನ ಶಿಷ್ಯ ಸಿದ್ರಾಯನಿಗೆ ಜ್ವರದಿಂದ ಕಿವಿ ಹೋಯಿತು, ಮಾತು ಉಳಿಯಿತು. ಹುಕ್ಕೇರಿಯ ಕಾರ್ಖಾನೆಯಲ್ಲಿ ಅವನ ಕೆಲಸ ಕಾಯಂ ಆಗುವುದು ಇಂದಿನ ಸಂದರ್ಶನದ ಮೇಲೆ ನಿಂತಿತ್ತು. ಒಳಗೆ ಮೊಬೈಲ್ ನಿಷಿದ್ಧ. ಅಲ್ಲಿನ ಪ್ರಶ್ನೆಗಳನ್ನು ನಾನು ಮೂಡಲಗಿಯಲ್ಲಿ ಕುಳಿತು ಅವರ ಕಚೇರಿಯ ಫೋನಿನ ಮೂಲಕ ಕೇಳಿ ಟೈಪಿಸಬೇಕು. ಅವು ಆ ಕ್ಷಣವೇ ಅವನ ಮುಂದಿನ ಕಂಪ್ಯೂಟರಿನಲ್ಲಿ ಮೂಡಬೇಕು.

“ಹೆಡ್ ಆಫೀಸಿನವರು ಇನ್ನೂ ದಾರಿ ಬಿಟ್ಟಿಲ್ರಿ ಮಾಸ್ತರ,” ಎಂದ ಅಲ್ಲಿಯ ಕಂಪ್ಯೂಟರ್ ನೋಡಿಕೊಳ್ಳುವ ಕಾಶಿನಾಥ. “ಅರ್ಧ ನಿಮಿಷಕ್ಕೊಮ್ಮೆ ಪುಟಾನ ಹೋಗಿ ಹೊಸಾದು ಬಂದೈತೇನು ಅಂತ ಕೇಳಿ ಬರೂಹಂಗ ಮಾಡೇನಿ. ತಡಾ ಆಕೈತಿ, ಖರೆ ಬರತೈತಿ.”

ಪ್ರಶ್ನೆಗಳು ಬಂದವು, ರಾಶಿಯಾಗಿ. ಬಾಯ್ಲರಿನಲ್ಲಿ ನೀರು ಕಡಿಮೆಯಾದರೆ ಏನು ಮಾಡುವೆ ಎಂದು ಕೇಳಿದಾಗ ಸಿದ್ರಾಯ, “ಮೇಲವಂಕಿ ರೀ,” ಎಂದ; ಅದು ಹಿಂದಿನ ಪ್ರಶ್ನೆಗೆ, ಊರು ಯಾವುದೆಂದು ಕೇಳಿದ್ದಕ್ಕೆ, ಉತ್ತರ. ಬೆಂಕಿ ಹತ್ತಿದರೆ ಎಂದಾಗ ಬಾಯ್ಲರಿನ ವಿಷಯ ವಿವರಿಸಿದ. ವಿವರಣೆಯಲ್ಲಿ ಒಂದು ತಪ್ಪೂ ಇರಲಿಲ್ಲ. ಉತ್ತರ ತಡವಾಗುತ್ತದೆಂದು ನಾನು ಮೊದಲೇ ಹೇಳಿದ್ದನ್ನು ಸಂದರ್ಶನ ಮಾಡುವವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಕ್ಕರು.

“ಇಂವಗ ಕಿವಿ ಅಷ್ಟ ಅಲ್ರಿ, ತಲಿನೂ ಇಲ್ಲ. ಸಾಕು, ಕಳಸ್ರಿ,” ಎಂದರೊಬ್ಬರು.

ಕೇಳಿದ್ದನ್ನೆಲ್ಲ ಬಿಡದೆ ಬರೆಯುವೆನೆಂದು ಅವನಿಗೆ ಮಾತು ಕೊಟ್ಟಿದ್ದೆ. ಆ ಮಾತನ್ನೂ ಬರೆದೆ. ಅದು ತಲುಪುವವರೆಗೂ ಅವನು ಬೆಂಕಿ ಆರಿಸುವ ಕ್ರಮವನ್ನು, ನಾನು ಕಲಿಸಿದಂತೆ, ಒಂದೊಂದು ವಾಕ್ಯವನ್ನೂ ಪೂರ್ಣಗೊಳಿಸಿ ಹೇಳುತ್ತಲೇ ಇದ್ದ. ಆಮೇಲೆ ವಾಕ್ಯವೊಂದರ ನಡುವೆ ಅವನ ದನಿ ನಿಂತಿತು.

೧೨ ನವೆಂಬರ್ ೨೦೨೪, ರಾತ್ರಿ ೯ ಗಂಟೆ ೪೦ ನಿಮಿಷ.