ಸವಾರಿಗೆ ಕಾಯುವ ಹೊತ್ತು

ಸ್ಟಾಕ್ಟನ್, ಕ್ಯಾಲಿಫೋರ್ನಿಯಾ
ಅಕ್ಟೋಬರ್ 9, ಗುರುವಾರ

ಪ್ರೀತಿಯ ಮಗ ನಸಾರಿಯೊಗೆ,

ಬೂಟು ಕಚ್ಚಿ ಎದ್ದ ಬೊಕ್ಕೆಗಳು ಒಣಗಿದವೇ? ತರಬೇತಿಯಲ್ಲಿ ಹೊಟ್ಟೆ ತುಂಬ ಬಡಿಸುತ್ತಾರೆ, ಆದರೆ ನುಂಗಲು ಐದು ನಿಮಿಷವನ್ನೂ ಕೊಡುವುದಿಲ್ಲ ಎಂದು ಬರೆದಿದ್ದೀಯ. ಮನೆಯಲ್ಲಿ ಒಂದು ತಮಾಲೆ ಕಡುಬಿನ ಜೋಳದ ಸಿಪ್ಪೆ ಬಿಚ್ಚಲು ಅರ್ಧ ಗಂಟೆ ತೆಗೆದುಕೊಳ್ಳುತ್ತಿದ್ದ ದೊರೆ ನೀನು. ಸೈನ್ಯದವರು ಮೊದಲ ದಿನವೇ ನಿನ್ನ ಫೋನ್ ಕಿತ್ತಿಟ್ಟುಕೊಂಡದ್ದಕ್ಕೆ ಇಷ್ಟು ದಿನ ಅವರನ್ನು ಬೈಯುತ್ತಿದ್ದೆ. ಈಗ ಒಳ್ಳೆಯದೇ ಆಯಿತು ಅನಿಸುತ್ತಿದೆ, ಏಕೆಂದರೆ ಇದನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗಿಲ್ಲ.

ನಿನ್ನ ಕಾರಿಗೆ ಪೆಟ್ಟಾಗಿದೆ. ನನಗೇನೂ ಆಗಿಲ್ಲ. ಆದರೆ ಅಬ್ರೆನಿಕಾ ಎಂಬ ಫಿಲಿಪಿನೋ ಮುದುಕರ ಸೊಂಟದ ಮೂಳೆ ಮುರಿದಿದೆ. ಕಳೆದ ಶುಕ್ರವಾರ ಸಂಜೆ ನಾಲ್ಕಕ್ಕೆ ಕೊನೆಯ ಸವಾರಿಯನ್ನು ಇಳಿಸಿ ತೋರ್ತಿಯಾ ರೊಟ್ಟಿ ತರಲು ಹೊರಟಿದ್ದೆ. ಟ್ಯಾಕ್ಸಿ ಸವಾರಿ ಹುಡುಕಿಕೊಡುವ ಆ್ಯಪ್ ಆಫ್ ಮಾಡಿರಲಿಲ್ಲ. ಹೋಗುವ ದಾರಿಯಲ್ಲೇ ಇನ್ನೊಬ್ಬರು ಸಿಕ್ಕರೆ ಸಿಗಲಿ ಎಂಬ ಆಸೆ, ನಮ್ಮಂಥ ಡ್ರೈವರುಗಳೆಲ್ಲರ ಚಾಳಿ ಅದು. ಫೋನ್ ಟಿಣ್ ಎಂದಿತು. ಕಣ್ಣು ಅತ್ತ ಹೋಯಿತು. ತಲೆಯೆತ್ತುವಷ್ಟರಲ್ಲಿ ಅವರ ಸೈಕಲ್ಲಿಗೆ ಗುದ್ದಿದ್ದೆ, ರಸ್ತೆಯ ತುಂಬ ಬದನೆಕಾಯಿಗಳು ಉರುಳುತ್ತಿದ್ದವು. ಆ ಸದ್ದು ಇನ್ನೂ ಕಿವಿಯಲ್ಲಿದೆ.

ನೀನು ಹೊರಡುವ ಮುಂಚೆ ಅಡುಗೆಮನೆಯ ಮೇಜಿನ ಮೇಲೆ ಮೂರು ಲೋಟ ಇಟ್ಟು ನನಗೆ ಪಾಠ ಮಾಡಿದ್ದೆಯಲ್ಲ, ದಿನವೂ ಅದೇ ನೆನಪಾಗುತ್ತದೆ. "ಆ್ಯಪ್ ಆಫ್ ಇದ್ರೆ ನನ್ನ ಪಾಲಿಸಿ ನೋಡ್ಕೊಳತ್ತೆ. ಜನ ಹತ್ತಿದ್ಮೇಲೆ ಆ್ಯಪ್ ಕಂಪನಿ ಇನ್ಶೂರೆನ್ಸ್. ಆನ್ ಮಾಡ್ಕೊಂಡು ಸವಾರಿಗೆ ಕಾಯ್ತಿರ್ತೀಯಲ್ಲ, ಆವಾಗ ನನ್ನ ಪಾಲಿಸಿ ಕೈ ಎತ್ತಿಬಿಡತ್ತೆ. ಕಂಪನಿಯೋರು ಎದುರಿನೋರ ಗಾಯಕ್ಕೆ ಕೊಡ್ತಾರೆ, ನಮ್ಮ ಕಾರಿಗೆ ಏನೂ ಇಲ್ಲ. ನಾಳೆನೇ ಏಜೆಂಟ್‌ಗೆ ಹೇಳಿ ಅದನ್ನೂ ಸೇರಿಸಮ್ಮ" ಎಂದು ನಡುವಿನ ಲೋಟವನ್ನು ಬೋರಲು ಹಾಕಿ ತೋರಿಸಿದ್ದೆ. ನಾನು ಹೂಂ ಅಂದೆ. ಸೇರಿಸಲಿಲ್ಲ. ತಿಂಗಳಿಗೆ ಇಪ್ಪತ್ತು ಡಾಲರ್ ಉಳಿಯಿತು ಅಂದುಕೊಂಡೆ.

ನಿನ್ನ ಪಾಲಿಸಿಯ ವಿಮೆಯವಳು ಫೋನಿನಲ್ಲಿ ಆ್ಯಪ್ ಆನ್ ಇತ್ತೇ ಎಂದು ಕೇಳಿದಾಗ ಇಲ್ಲ ಎಂದುಬಿಟ್ಟೆ. ನಿನ್ನ ಚಿಕ್ಕಮ್ಮ ಚಾಯೋ, ನನಗಿಂತ ಹಳೇ ಡ್ರೈವರಲ್ಲವೇ, ಮೊದಲೇ ಕಲಿಸಿದ್ದಳು: "ಹೂಂ ಅಂದ್ರೆ ಪಾಲಿಸಿನೂ ಹೋಯ್ತು, ಹುಡುಗನ ಕಾರೂ ಹೋಯ್ತು ಕಣೇ. ಇಲ್ಲ ಅನ್ನು, ಯಾರ್ ಬಂದು ನೋಡಿದ್ರು?" ಆದರೆ ಫೋನ್ ಟಿಣ್ ಎಂದ ಗಳಿಗೆಯ ದಾಖಲೆ ಆ್ಯಪ್ ಕಂಪನಿಯವರ ಬಳಿ ಇದ್ದೇ ಇರುತ್ತದೆ. ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ಅಬ್ರೆನಿಕಾ ನನ್ನ ಕೈ ಹಿಡಿದು, "ತಪ್ಪು ನಂದೇ ಇರ್ಬೇಕಮ್ಮ, ನಂಗೆ ಕಣ್ಣು ಸರಿಯಾಗಿ ಕಾಣಲ್ಲ. ಪೊಲೀಸ್ನೋರಿಗೂ ಹಾಗೇ ಹೇಳ್ದೆ" ಎಂದರು. ಕೋಳಿ ಸಾರಿನ ಡಬ್ಬಿ ಅಲ್ಲೇ ಇಟ್ಟು ಎದ್ದು ಬಂದೆ.

ಈಗ ವಿಮೆಯವರು ಒಂದು ಕಾಗದ ಕಳಿಸಿದ್ದಾರೆ. ಪಾಲಿಸಿ ನಿನ್ನ ಹೆಸರಿನಲ್ಲಿರುವುದರಿಂದ ಸಹಿ ನಿನ್ನದೇ ಬೇಕಂತೆ. ಅಪಘಾತದ ಹೊತ್ತಿನಲ್ಲಿ ಕಾರು ಮನೆಯ ಕೆಲಸಕ್ಕಷ್ಟೇ ಓಡುತ್ತಿತ್ತು ಎಂಬ ಪ್ರಮಾಣ. ಜೊತೆಗಿಟ್ಟಿದ್ದೇನೆ. ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ ಕಡೆ ಸಹಿ ಮಾಡಿ ಕೂಡಲೇ ಕಳಿಸು, ಹೆಚ್ಚು ಓದಬೇಡ. ಎರಡು ಬೇಸಿಗೆ ಚೆರಿಹಣ್ಣು ಪೆಟ್ಟಿಗೆಗೆ ತುಂಬುವ ಕೆಲಸ ಮಾಡಿ ನೀನು ಕೊಂಡ ಕಾರು ಅದು. ಅಮ್ಮನ ಕೈಗೆ ಕೊಟ್ಟು ಕಳೆದುಕೊಂಡೆ ಎಂದು ನಿನಗೆ ಅನಿಸಬಾರದು.

ಗ್ವಾದಲೂಪೆಯ ದೇವಮಾತೆ ನಿನ್ನನ್ನು ಕಾಯಲಿ. ಕಾಲಿಗೆ ಒಣಗಿದ ಕಾಲುಚೀಲವನ್ನೇ ಹಾಕು.

ನಿನ್ನ ಅಮ್ಮ
ಎಲ್ಪಿಡಿಯಾ

ತಾ.ಕ. ಲಕೋಟೆಯಲ್ಲಿ ಆ ಕಾಗದ ಹುಡುಕಬೇಡ. ಅಂಚೆ ಕಚೇರಿಯ ಸಾಲಿನಲ್ಲಿ ನಿಂತು ಇನ್ನೊಮ್ಮೆ ಓದಿದೆ. ನನ್ನ ಸುಳ್ಳಿನ ಕೆಳಗೆ ನಿನ್ನ ಪೂರ್ತಿ ಹೆಸರು ಅಚ್ಚಾಗಿತ್ತು. ಹರಿದುಹಾಕಿದೆ. ಹೊರಗೆ ಬೆಂಚಿನ ಮೇಲೆ ಕೂತು ವಿಮೆಯವಳಿಗೆ ಫೋನ್ ಮಾಡಿ, ಆ್ಯಪ್ ಆನ್ ಇತ್ತು, ನಾನು ಫೋನ್ ನೋಡುತ್ತಿದ್ದೆ ಎಂದು ಹೇಳಿದೆ. "ಲೈನಲ್ಲೇ ಇರಿ, ಮೇಲಿನೋರನ್ನ ಕರೀತೀನಿ" ಅಂದಳು. ಹತ್ತು ನಿಮಿಷವಾಯಿತು, ಬರೀ ಸಂಗೀತ ಕೇಳಿಸುತ್ತಿದೆ. ತೊಡೆಯ ಮೇಲಿಟ್ಟು ಬರೆದು ಅಕ್ಷರ ಸೊಟ್ಟಗಾಗಿದೆ. ಮುದುಕರ ಆಪರೇಷನ್ನಿಗೆ ಕಂಪನಿಯ ವಿಮೆ ಸಿಗಬಹುದು. ನಿನ್ನ ಕಾರನ್ನು ಮಾತ್ರ ಯಾರೂ ರಿಪೇರಿ ಮಾಡಿಕೊಡುವುದಿಲ್ಲ, ಮಗನೇ. ಬಂದ ಮೇಲೆ ಬೈಯುವುದಾದರೆ ಊಟ ಮುಗಿಸಿ ಬೈಯಿ.