ಅಮ್ಮನ ಮಾತಿನ ಪೆಟ್ಟಿಗೆ

ಮನೆ,
ಭಾನುವಾರ, ೯ ನವೆಂಬರ್

ಪ್ರೀತಿಯ ಪುಟ್ಟಿಗೆ,

ನಿನ್ನ ಎರಡು ಕಾಗದಗಳೂ ಮೇಜಿನ ಮೇಲೆ ಕೂತು ನನ್ನನ್ನೇ ದಿಟ್ಟಿಸುತ್ತಿವೆ. ಮೊದಲನೆಯದಕ್ಕೆ ಬರೆಯೋಣ ಎಂದು ಪೆನ್ನು ಹಿಡಿಯುವಷ್ಟರಲ್ಲಿ ಎರಡನೆಯದು ಬಂತು. ಎರಡಕ್ಕೂ ಸೇರಿಸಿ ಬರೆದರಾಯಿತು ಎಂದುಕೊಂಡೆ, ಮತ್ತೆ ಮೂರು ವಾರ ಕಳೆದೇ ಹೋಯಿತು. ಬೇಜಾರು ಮಾಡಿಕೊಳ್ಳಬೇಡ. ನನ್ನ ಮೈಗೇನೂ ಆಗಿಲ್ಲ, ಕಣ್ಣಿನ ಪೊರೆ ಇದ್ದಷ್ಟೇ ಇದೆ. ಸೋಮಾರಿತನ ಎಂದೇ ಇಟ್ಟುಕೋ. ನಿನ್ನ ಸೇತುವೆಯ ನಾಲ್ಕನೇ ಕಂಬ ನೀರಿನಿಂದ ಮೇಲೆ ಬಂತೇ? ಆ ಕಡೆ ಚಳಿ ಶುರುವಾಗಿದ್ದರೆ ಕಿವಿ ಮುಚ್ಚಿಕೊಂಡು ಓಡಾಡು. ಚಿಕ್ಕಂದಿನಿಂದಲೂ ನಿನಗೆ ಮೊದಲು ಕೆಡುವುದು ಕಿವಿಯೇ.

ಒಂದು ಒಳ್ಳೆಯ ಸುದ್ದಿ ಇದೆ. ಕಂಪ್ಯೂಟರ್ ಸರಿಯಾಯಿತು. ಹದಿನೆಂಟು ದಿನವಾಯಿತು, ಒಂದು ಸಲವೂ ತಾನಾಗಿ ಆರಿ ಹತ್ತಿಲ್ಲ. ನೀನು ಕೇಳಿದ್ದೆಯಲ್ಲ, ಅಮ್ಮ ಬರೆದದ್ದನ್ನೆಲ್ಲ ಪೆನ್‌ಡ್ರೈವಿಗೆ ಹಾಕಿ ಈ ಲಕೋಟೆಯಲ್ಲೇ ಇಟ್ಟಿದ್ದೇನೆ. ಹತ್ತಿಯಲ್ಲಿ ಸುತ್ತಿದೆ, ಹುಷಾರಾಗಿ ಬಿಚ್ಚು.

ಹೇಗೆ ಸರಿಯಾಯಿತು ಎಂದು ವಿವರವಾಗಿ ಬರೆಯದಿದ್ದರೆ ಎಂಜಿನಿಯರಮ್ಮನಿಗೆ ಸಮಾಧಾನವಾಗುವುದಿಲ್ಲ, ನನಗೆ ಗೊತ್ತು. ಫೋನಿನಲ್ಲಿ ನಿನಗೆ ಅಲ್ಲಿಷ್ಟು ಇಲ್ಲಿಷ್ಟು ಹೇಳಿದ್ದೆ. ಈಗ ಮೊದಲಿನಿಂದ ಹೇಳುತ್ತೇನೆ, ನನಗೂ ಹೇಳಿಕೊಳ್ಳಬೇಕಾಗಿದೆ.

ಗಂಟಲಿನ ಆಪರೇಷನ್ ಆಗಿ ಅಮ್ಮನ ದನಿ ಹೋದ ಮೇಲೆ ನೀನು ಬಂದು ಆ ಓದುವ ಪ್ರೋಗ್ರಾಮ್ ಹಾಕಿಕೊಟ್ಟು ಹೋದೆಯಲ್ಲ, ಅವಳು ಟೈಪ್ ಮಾಡಿದರೆ ಅದು ಗಟ್ಟಿಯಾಗಿ ಓದುವುದು, ಅದು ಮೊದಲ ವಾರ ಅವಳಿಗೆ ಒಂದಿಷ್ಟೂ ಹಿಡಿಸಿರಲಿಲ್ಲ. ಗಂಡು ದನಿ, ಏರಿಲ್ಲ, ಇಳಿವಿಲ್ಲ, ಕೋರ್ಟಿನಲ್ಲಿ ನೋಟಿಸು ಓದಿದ ಹಾಗೆ. ಅದಕ್ಕೆ ಗುಮಾಸ್ತ ಎಂದು ಹೆಸರಿಟ್ಟಳು. "ರೀ, ಗುಮಾಸ್ತರನ್ನ ಎಬ್ಬಿಸಿ, ಮಾತಾಡ್ಬೇಕು" ಎಂದು ಚೀಟಿಯಲ್ಲಿ ಬರೆದು ತೋರಿಸುತ್ತಿದ್ದಳು. ಅವಳ ಲೈಬ್ರರಿಯ ಹಳೆಯ ಸಹೋದ್ಯೋಗಿಗಳು ನೋಡಲು ಬಂದು ಅಳುಮೋರೆ ಮಾಡಿಕೊಂಡು ಕೂತಾಗ, ಗುಮಾಸ್ತನ ಕೈಲಿ ಅವಳು ಹೇಳಿಸಿದ್ದು ಕೇಳು: "ಮೂವತ್ತು ವರ್ಷ ಎಲ್ಲರನ್ನೂ ಸುಮ್ಮನಿರಿ ಸುಮ್ಮನಿರಿ ಅಂತ ಗದರಿಸಿದೆ. ಈಗ ನನ್ನ ಸರದಿ. ಕಾಫಿ ಕುಡೀರಿ." ಅವರು ಅಳುವುದೋ ನಗುವುದೋ ತಿಳಿಯದೆ ಲೋಟ ಕೈಗೆತ್ತಿಕೊಂಡರು.

ಚೀಟಿಗಳಲ್ಲೇ ಕಾಲ ಹಾಕಬಹುದಿತ್ತು ಎಂದು ನಿನಗೆ ಅನ್ನಿಸಬಹುದು. ಆಗುತ್ತಿರಲಿಲ್ಲ. ಅವಳ ಕೈ ನಡುಗುತ್ತಿತ್ತು, ನನ್ನ ಕಣ್ಣು ಹೀಗೆ. ನಾನು ಒಂದು ಸಾಲು ಓದಿ ಮುಗಿಸುವಷ್ಟರಲ್ಲಿ ಅವಳ ಕೋಪ ಆರಿಹೋಗುತ್ತಿತ್ತು. "ಚೀಟಿಯಲ್ಲಿ ಜಗಳ ಆಡೋಕಾಗಲ್ಲ" ಎಂದು ಅವಳೇ ಹೇಳಿದ್ದು.

ಕಂಪ್ಯೂಟರಿನ ಪೆಟ್ಟಿಗೆ ಮೊದಲ ಸಲ ಕೈಕೊಟ್ಟದ್ದು ಮಾರ್ಚ್ ತಿಂಗಳಲ್ಲಿ. ನನ್ನನ್ನು ಬಯ್ಯುತ್ತಿದ್ದಳು. "ಒದ್ದೆ ಟವೆಲ್ ತಂದು ಮತ್ತೆ ಹಾಸಿಗೆ ಮೇಲೆ" ಎನ್ನುವಲ್ಲಿಗೆ ಗುಮಾಸ್ತ ಗಪ್‌ಚುಪ್. ಸ್ಕ್ರೀನು ಕಪ್ಪಾಯಿತು, ಒಂದು ಕ್ಷಣ ಬಿಟ್ಟು ತಾನಾಗಿಯೇ ಮತ್ತೆ ಹತ್ತಿಕೊಂಡಿತು. "ನೋಡು, ಅವನು ನನ್ನ ಕಡೆ" ಎಂದು ನಕ್ಕೆ. ಅವಳೂ ನಕ್ಕಳು. ಸದ್ದಿಲ್ಲದೆ ಭುಜ ಕುಲುಕಿಸಿ ನಗುತ್ತಿದ್ದಳಲ್ಲ, ಹಾಗೆ.

ಐದನೆಯ ಸಲದ ಹೊತ್ತಿಗೆ ಇಬ್ಬರಿಗೂ ನಗು ಬರಲಿಲ್ಲ. ಬರೆದದ್ದನ್ನು ಸೇವ್ ಮಾಡುವ ಮುಂಚೆಯೇ ಹೋಗಿಬಿಡುತ್ತಿತ್ತು. ಅವಳು ಮತ್ತೆ ಮೊದಲಿನಿಂದ ಟೈಪ್ ಮಾಡಬೇಕು. ಒಮ್ಮೊಮ್ಮೆ ದಿನವಿಡೀ ತೆಪ್ಪಗಿರುವುದು, ಒಮ್ಮೊಮ್ಮೆ ಗಂಟೆಗೆ ಮೂರು ಸಲ ಆರುವುದು. ಒಂದು ದಿನ ಹೀಗೇ ಆದಾಗ ಅವಳು ಕೀಬೋರ್ಡನ್ನು ಮೆಲ್ಲಗೆ ಆಚೆ ಸರಿಸಿ, ಕಿಟಕಿಯ ಕಡೆ ತಿರುಗಿ ಕೂತಳು. "ಏನೇ ಅದು, ಹೇಳು" ಎಂದೆ. ತಲೆ ಅಲ್ಲಾಡಿಸಿದಳು. ಏನು ಹೇಳಹೊರಟಿದ್ದಳೋ.

ಮೂವತ್ತೊಂದು ವರ್ಷ ಲಿಫ್ಟ್ ರಿಪೇರಿ ಮಾಡಿದವನು ನಾನು. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡ ಎಷ್ಟು ಜನರನ್ನು ಇಳಿಸಿದ್ದೇನೋ. ಮನೆಯ ಪೆಟ್ಟಿಗೆ ನನ್ನ ಮುಂದೆ ಯಾವ ಲೆಕ್ಕ ಎಂದು ಜಂಬದಿಂದಲೇ ಸ್ಕ್ರೂಡ್ರೈವರ್ ಹಿಡಿದೆ. ಮೊದಲು ಪ್ಲಗ್ಗು ಬದಲಾಯಿಸಿದೆ, ಎಕ್ಸ್‌ಟೆನ್ಷನ್ ಬೋರ್ಡ್ ತೆಗೆದು ನೇರ ಗೋಡೆಗೆ ಕೊಟ್ಟೆ. ಪ್ರಯೋಜನವಿಲ್ಲ. ಪಕ್ಕ ಬಿಚ್ಚಿದರೆ ಒಳಗೆ ದಿಂಬಿಗೆ ತುಂಬುವಷ್ಟು ಧೂಳು. ಬಣ್ಣ ಬಳಿಯುವ ಬ್ರಷ್ಷಿನಿಂದ ಗುಡಿಸಿದೆ. ಪ್ರೊಸೆಸರಿನ ಮೇಲೆ ಬಿಸಿ ಇಳಿಸಲು ಹಚ್ಚಿರುವ ಪೇಸ್ಟು ಒಣಗಿ ಹಕ್ಕಳೆಯಾಗಿತ್ತು, ಕೆರೆದು ಹೊಸದು ಹಚ್ಚಿದೆ. ನಾಲ್ಕು ದಿನ ಸುಮ್ಮನಿತ್ತು. ಐದನೆಯ ದಿನ ಮತ್ತದೇ ರಾಗ.

ಆಗಲೇ ನೀನು ಫೋನಿನಲ್ಲಿ ಹೇಳಿದ್ದು. "ಅಪ್ಪಾ, ತಾನಾಗಿ ರೀಸ್ಟಾರ್ಟ್ ಆಗೋ ಸೆಟ್ಟಿಂಗ್ ತೆಗೆದುಬಿಡು. ಆಗ ತಪ್ಪೇನು ಅಂತ ಸ್ಕ್ರೀನ್ ಮೇಲೆ ಬರುತ್ತೆ, ಅದನ್ನ ನಂಗೆ ಓದಿ ಹೇಳು." ತೆಗೆದೆ. ಏನೂ ಬರಲಿಲ್ಲ, ಕಪ್ಪಾಯಿತು, ಹತ್ತಿತು ಅಷ್ಟೆ. "ಹಾಗಾದ್ರೆ ಒಳಗಿನ ವಸ್ತುವೇ ಕೆಟ್ಟಿದೆ, ರ‍್ಯಾಮ್ ನೋಡು" ಎಂದೆ ನೀನು. ನಾನು ಅದರ ಎರಡು ಪಟ್ಟಿಗಳನ್ನೂ ಕಿತ್ತು, ಅವುಗಳ ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿ, ಒಂದೊಂದನ್ನೇ ಹಾಕಿ ಎರಡೆರಡು ದಿನ ಕಾದೆ. ಒಂದನ್ನು ಹಾಕಿದಾಗಲೂ ಆರಿತು, ಇನ್ನೊಂದನ್ನು ಹಾಕಿದಾಗಲೂ ಆರಿತು.

ಕೊನೆಗೆ ಬೀದಿ ತುದಿಯ ಕಂಪ್ಯೂಟರ್ ಅಂಗಡಿಯವರನ್ನು ಕರೆತಂದೆ. ನನ್ನಷ್ಟೇ ವಯಸ್ಸಿನ ಮನುಷ್ಯ, ತುಂಬ ಗಂಭೀರ. ಐದು ನಿಮಿಷ ನೋಡಿ, "ಫಾರ್ಮ್ಯಾಟ್ ಮಾಡ್ಬೇಕು ಸಾರ್" ಎಂದರು. ಅಮ್ಮ ತಟ್ಟನೆ ಬಗ್ಗಿ ಪೆಟ್ಟಿಗೆಯ ಮೇಲೆ ಕೈಯಿಟ್ಟಳು. ಒಳಗೆ ಅವಳ ಬರಹವೆಲ್ಲ ಇತ್ತು. ಅದನ್ನು ತೆಗೆದಿಟ್ಟುಕೊಂಡೇ ಮಾಡುತ್ತೇನೆಂದು ಅವರು ಎಷ್ಟು ಹೇಳಿದರೂ ಕೈ ತೆಗೆಯಲಿಲ್ಲ. ಅವರು ಹೋದ ಮೇಲೆ ಗುಮಾಸ್ತನಿಂದ ಹೇಳಿಸಿದಳು: "ಆ ಮನುಷ್ಯ ಡಾಕ್ಟರಾಗಿದ್ರೆ ನೆಗಡಿಗೂ ತಲೆ ತೆಗೀಬೇಕು ಅಂತಿದ್ದ."

ಆಮೇಲೆ ಜುಲೈ, ಆಸ್ಪತ್ರೆ. ಎರಡನೇ ಸಲದ ಚಿಕಿತ್ಸೆ. ಆ ಇಪ್ಪತ್ತೊಂದು ದಿನಗಳ ಬಗ್ಗೆ ನಿನಗೆ ನಾನೇನು ಬರೆಯಲಿ. ಕೊನೆಯ ನಾಲ್ಕು ದಿನ ನೀನೂ ಅಲ್ಲೇ ಇದ್ದೆ.

ನೀನು ಕೆಲಸಕ್ಕೆ ಹಿಂತಿರುಗಿದ ಮೇಲೆ ಕಂಪ್ಯೂಟರಿನ ಮೇಲೆ ಬೆಡ್‌ಶೀಟ್ ಹೊದಿಸಿ ಆ ಕೋಣೆಯ ಬಾಗಿಲು ಎಳೆದುಕೊಂಡೆ. ಒಬ್ಬನೇ ಇರುವುದು ಕಷ್ಟವಾಗುತ್ತಿಲ್ಲ, ಅನ್ನ ಮಾಡಿಕೊಳ್ಳುತ್ತೇನೆ, ಬಟ್ಟೆ ಒಗೆಯುತ್ತೇನೆ. ಆದರೆ ಟವೆಲನ್ನು ಎಲ್ಲಿ ಬೇಕಾದರೂ ಬಿಸಾಡಬಹುದು, ಕೇಳುವವರಿಲ್ಲ. ನಿನ್ನ ಮೊದಲ ಕಾಗದ ಬಂದು, ಅಮ್ಮ ಬರೆದದ್ದು ಬೇಕು ಎಂದು ನೀನು ಕೇಳದಿದ್ದರೆ ಆ ಬಾಗಿಲನ್ನು ನಾನು ತೆಗೆಯುತ್ತಿರಲಿಲ್ಲ.

ಬಾಗಿಲು ತೆಗೆದು ಕಂಪ್ಯೂಟರ್ ಹಚ್ಚಿದೆ. ಕಾಪಿ ಆಗುತ್ತಾ ಆಗುತ್ತಾ ಮೂರು ಸಲ ಆರಿತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ತಂತಿಯನ್ನೆಲ್ಲ ಕಿತ್ತು, ಒಂದಿಡೀ ದಿನ ಹಾಗೇ ಬಿಟ್ಟು, ಮಾರನೆಯ ದಿನ ಇಷ್ಟು ದಿನ ಮುಟ್ಟದೆ ಉಳಿಸಿದ್ದ ಒಂದೇ ಒಂದನ್ನು ಬಿಚ್ಚಿದೆ. ಪವರ್ ಸಪ್ಲೈ ಡಬ್ಬಿ. ಅದರ ಮೇಲೆ ಬಿಚ್ಚಬೇಡಿ ಎಂದು ಬರೆದಿತ್ತು, ಅದರ ಫ್ಯಾನೂ ಚೆನ್ನಾಗಿ ತಿರುಗುತ್ತಿತ್ತು, ಹಾಗಾಗಿ ನನಗೆ ಅನುಮಾನವೇ ಬಂದಿರಲಿಲ್ಲ. (ನೀನು ಮಾತ್ರ ಹೀಗೆ ಬಿಚ್ಚಲು ಹೋಗಬೇಡ, ಪ್ಲಗ್ ತೆಗೆದರೂ ಅದರೊಳಗೆ ಕರೆಂಟು ಉಳಿದಿರುತ್ತದೆ.) ನೋಡುತ್ತೇನೆ, ಕರೆಂಟನ್ನು ಹಿಡಿದಿಡುವ ನಾಲ್ಕು ಕೆಪಾಸಿಟರುಗಳ ತಲೆ ಚಪ್ಪಟೆ ಇರಬೇಕಾದದ್ದು ಉಬ್ಬಿ ನಿಂತಿದೆ. ಒಂದರ ಬುಡದಲ್ಲಿ ಕಂದು ಬಣ್ಣದ ಅಂಟು ಸೋರಿದೆ. ಲಿಫ್ಟಿನ ಬೋರ್ಡುಗಳಲ್ಲಿ ಇದನ್ನು ನೂರಾರು ಸಲ ನೋಡಿದ್ದೇನೆ, ಪುಟ್ಟೀ. ಕಣ್ಣು ಮುಚ್ಚಿಕೊಂಡು ಹೇಳಬಹುದಾದ ರೋಗ. ಹೊಸ ಡಬ್ಬಿ ತಂದು ಹಾಕಲು ಅರ್ಧ ಗಂಟೆ ಸಾಕಾಯಿತು.

ಮಾರ್ಚಿನಲ್ಲೇ ಅದನ್ನು ಬಿಚ್ಚಿದ್ದರೆ ಎಂದು ದಿನಕ್ಕೆಷ್ಟು ಸಲ ಅಂದುಕೊಳ್ಳುತ್ತೇನೋ. ಅವಳಿಗೆ ನಾಲ್ಕು ತಿಂಗಳ ಮಾತು ಇತ್ತು. ಅದರಲ್ಲಿ ಅರ್ಧ ಪೆಟ್ಟಿಗೆಯ ಪಾಲಾಯಿತು.

ಉಳಿದದ್ದು ನಲವತ್ತೆರಡು ಕಡತ. ಎಲ್ಲವನ್ನೂ ಒಂದೊಂದಾಗಿ ತೆಗೆದು, ಗುಮಾಸ್ತನಿಂದ ಓದಿಸಿ ಕೇಳಿದೆ. ಕೆಲವು ನನಗೆ ಹೇಳಿದ ಮಾತುಗಳು: ಹಾಲು ಉಕ್ಕುತ್ತಿದೆ ನೋಡಿ, ಫ್ಯಾನ್ ಹಾಕಿ, ಎಲ್ಲಿಗೆ ಹೊರಟಿರಿ. ಕೆಲವು ಲೈಬ್ರರಿಯ ಕತೆಗಳು. ಒಂದೇ ಕಾದಂಬರಿಯನ್ನು ಹನ್ನೊಂದು ವರ್ಷ ಪ್ರತಿ ತಿಂಗಳೂ ಒಯ್ದು, ಕೊನೆಯ ಅಧ್ಯಾಯ ಓದದೆ ತಂದುಕೊಡುತ್ತಿದ್ದ ಪೋಸ್ಟ್‌ಮ್ಯಾನ್ ಕತೆ ನಿನಗೆ ಗೊತ್ತಿತ್ತೇ? ನನಗೆ ಗೊತ್ತಿರಲಿಲ್ಲ. ನೀನು ಮೂರು ವರ್ಷದವಳಿದ್ದಾಗ ಪುಸ್ತಕದ ಕಪಾಟಿನ ಕೆಳಗಿನ ಅರೆಯಲ್ಲಿ ನಿದ್ದೆ ಹೋಗಿ, ಇಡೀ ಲೈಬ್ರರಿ ನಿನ್ನನ್ನು ಹುಡುಕಿದ್ದನ್ನೂ ಬರೆದಿದ್ದಾಳೆ. ನೀನು ಸಿಗುವ ಮುಂಚೆಯೇ ಅದು ನಿಂತಿದೆ. ನೀನು ಸಿಕ್ಕಿದ್ದು ನಮಗೆ ಗೊತ್ತು, ಬಿಡು.

ನಿನ್ನ ಎರಡನೆಯ ಕಾಗದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ ಎಂದು ಗೊತ್ತಿದೆ. "ಎರಡನೇ ಸಲ ಚಿಕಿತ್ಸೆ ಮಾಡಿಸಲೇಬೇಕು ಅಂತ ಹಟ ಹಿಡಿದವಳು ನಾನು. ಇಲ್ಲದಿದ್ದರೆ ಅಮ್ಮ ಆ ಮೂರು ವಾರ ನಳಿಕೆ ಚುಚ್ಚಿಸಿಕೊಳ್ಳದೆ ಮನೆಯಲ್ಲಿರುತ್ತಿದ್ದಳು. ನಿಜವಾಗಿಯೂ ಒಪ್ಪಿಕೊಂಡಿದ್ದಳಾ ಅಪ್ಪಾ?" ಎಂದು ಕೇಳಿದ್ದೀಯ. ಫೋನಿನಲ್ಲೂ ನೀನು ಕೇಳಿದ್ದೆ. ಆಗ ನಾನು ಹೌದು ಎಂದಿದ್ದೆ. ಅದರ ಬಗ್ಗೆ ಇವತ್ತು ಬರೆಯಲಾರೆ, ಕಣ್ಣು ನೋಯುತ್ತಿದೆ.

ಹೊತ್ತು ಹೊತ್ತಿಗೆ ಊಟ ಮಾಡು. ಕಬ್ಬಿಣದ ಏಣಿ ಹತ್ತುವಾಗ ಫೋನ್ ಕೈಯಲ್ಲಿರಬಾರದು. ನಿನ್ನ ಸೇತುವೆಯ ಮೇಲೆ ನಡೆಯುವವರೆಲ್ಲ ಕ್ಷೇಮವಾಗಿ ಆಚೆ ದಡ ಸೇರಲಿ, ನೀನು ನೂರು ಕಾಲ ಚೆನ್ನಾಗಿರು.

ನಿನ್ನ
ಅಪ್ಪ

ತಾ.ಕ.: ಕಾಗದ ಮಡಿಚಿ ಲಕೋಟೆಗೆ ಹಾಕಿ, ಅಂಟಿಸದೆ ಎರಡು ದಿನ ಇಟ್ಟುಕೊಂಡಿದ್ದೆ. ಇದನ್ನು ಬರೆಯದೆ ಕಳಿಸಲು ಆಗುತ್ತಿಲ್ಲ.

ಆಸ್ಪತ್ರೆಗೆ ಸೇರಿಸುವ ಹಿಂದಿನ ದಿನ, ಬೆಳಗ್ಗೆ ಹನ್ನೊಂದು ಗಂಟೆ. ಅವಳ ಬಟ್ಟೆಗಳನ್ನು ಚೀಲಕ್ಕೆ ತುಂಬಿ, ಅವಳ ಪಕ್ಕದ ಕುರ್ಚಿಯಲ್ಲಿ ಬಂದು ಕೂತೆ. ಅವಳು ತುಂಬ ಹೊತ್ತು ಟೈಪ್ ಮಾಡಿದಳು. ಆಮೇಲೆ ಓದಿಸಿದಳು. "ರೀ, ನಂಗೆ ಇನ್ನು ಆಸ್ಪತ್ರೆ ಬೇಡ. ಸಾಕಾಗಿದೆ. ಇರೋಷ್ಟು ದಿನ ಮನೇಲೇ ಇರ್ತೀನಿ. ಪುಟ್ಟಿಗೆ ನಾನೇ ಹೇಳ್ತೀನಿ, ಅವಳು ಅರ್ಥ ಮಾಡ್ಕೋತಾಳೆ. ನೀವು ನಂಗೆ"

ಅಲ್ಲಿಗೆ ನಿಂತಿತು. ಅದು ತಾನಾಗಿ ನಿಂತದ್ದಲ್ಲ, ಪುಟ್ಟೀ. ಪೆಟ್ಟಿಗೆ ಮೇಜಿನ ಕೆಳಗೆ, ನನ್ನ ಕಾಲ ಬಳಿಯೇ ಇತ್ತು. ಮುಂಭಾಗದಲ್ಲಿರುವ, ಆರಿಸಿ ಮತ್ತೆ ಹತ್ತಿಸುವ ಗುಂಡಿಯನ್ನು ನಾನೇ ಕಾಲಿನ ಹೆಬ್ಬೆರಳಿನಿಂದ ಒತ್ತಿದೆ. ಯೋಚಿಸಿ ಮಾಡಿದ್ದಲ್ಲ ಎಂದು ಬರೆಯಲು ಕೈ ಹೋಗುತ್ತಿದೆ, ಆದರೆ ಆ ಗುಂಡಿ ಎಲ್ಲಿದೆ ಎಂದು ನನ್ನ ಕಾಲು ತಡಕಿದ್ದು ನೆನಪಿದೆ. ನನಗೆ ಅದನ್ನು ಕೇಳುವ ಧೈರ್ಯ ಇರಲಿಲ್ಲ.

"ಥೂ, ಹಾಳಾದ್ದು, ಮತ್ತೆ ಶುರು ಮಾಡ್ತು ನೋಡು" ಎಂದೆ. ಅವಳು ಕಪ್ಪು ಸ್ಕ್ರೀನನ್ನು ನೋಡಿದಳು, ನನ್ನನ್ನು ನೋಡಿದಳು. ಅದು ಮತ್ತೆ ಹತ್ತಿಕೊಂಡಾಗ ಬೆರಳುಗಳನ್ನು ಕೀಲಿಗಳ ಮೇಲಿಟ್ಟಳು. ಆಮೇಲೆ ತೆಗೆದಳು. ನನ್ನ ಮೊಣಕಾಲಿನ ಮೇಲೆ ಕೈಯೂರಿ ಎದ್ದು ಹೋಗಿ ಮಲಗಿದಳು. ಮಾರನೆಯ ದಿನ ಮರುಮಾತಿಲ್ಲದೆ ಕಾರು ಹತ್ತಿದಳು. ಅವಳಿಗೆ ಗೊತ್ತಾಗಿತ್ತೇ ಎಂದು ನನಗೆ ತಿಳಿಯದು. ವಾರ್ಡಿನಲ್ಲಿ ಪೆನ್ನು ಹಿಡಿಯುವ ಶಕ್ತಿ ಅವಳಿಗಿರಲಿಲ್ಲ. ನನಗೆ ಕೇಳುವ ಮುಖವೂ ಇರಲಿಲ್ಲ. "ನೀವು ನಂಗೆ" ಆದ ಮೇಲೆ ಏನಿತ್ತೋ ಎಂದೇ ಆ ನಲವತ್ತೆರಡನ್ನೂ ಹುಡುಕಿದ್ದು. ಯಾವುದರಲ್ಲೂ ಇಲ್ಲ.

ಒಪ್ಪಿದ್ದಳು ಎಂದು ನಿನಗೆ ಹೇಳಿದ್ದು ಸುಳ್ಳು. ಅವಳು ಬೇಡ ಎಂದದ್ದು ನಿನಗೆ ತಿಳಿದಿರಲಿಲ್ಲ, ನನಗೆ ತಿಳಿದಿತ್ತು. ಆ ಭಾರ ನಿನ್ನದಲ್ಲ ಮಗಳೇ, ಕೆಳಗಿಡು. ಬಯ್ಯಬೇಕು ಅನ್ನಿಸಿದರೆ ಫೋನ್ ಮಾಡಿ ಬಯ್ಯಿ. ಪೂರ್ತಿ ಮುಗಿಯುವವರೆಗೂ ಕೇಳಿಸಿಕೊಳ್ಳುತ್ತೇನೆ.